ಮೊದಲು ಬೇಕಾಗುವುದು

ಅತ್ತಿಗೆ ಟ್ರಂಕಿನ ಮುಂದೆ ಮಂಡಿಯೂರಿ ಕೂತು, ಹಗ್ಗದ ಉದ್ದನೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಗಂಟು ಬಿಚ್ಚಿಕೊಳ್ಳುವ ಬದಲು ಇನ್ನಷ್ಟು ಬಿಗಿದುಕೊಂಡಿತು.

"ಏನ್ ಗಂಟೋ ಇದು, ಎಳೆದಷ್ಟೂ ಬಿಗಿಯುತ್ತೆ," ಎಂದು ಕೈ ಒದರಿದಳು. "ಒಂದು ಕತ್ತರಿ ಇದ್ರೆ ಕೊಡಿ."

ಪಕ್ಕದ ಮನೆಯ ಹೊಲಿಗೆಯಾಕೆಯ ಬಳಿ ಕತ್ತರಿ ಇಲ್ಲದ ಹೊತ್ತೇ ಇಲ್ಲ. ಆಕೆ ಸೊಂಟದ ಚೀಲಕ್ಕೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಆ ಮನೆಯ ಮಗಳು ಬಂದು ಟ್ರಂಕಿನ ಮುಚ್ಚಳದ ಮೇಲೆ ಅಂಗೈ ಊರಿದ್ದಳು.

"ಕತ್ತರಿ ಬೇಡ."

"ಹಾಗಾದ್ರೆ ನೀನೇ ಬಿಚ್ಚು."

"ಬಿಚ್ಚೋದೂ ಬೇಡ, ಅತ್ತಿಗೆ."

ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಅಪ್ಪ ಮಲಗಿದ್ದ. ನಿನ್ನೆ ಸಂಜೆ ಮಲಗಿದವನು ಎದ್ದಿರಲಿಲ್ಲ, ಅಷ್ಟೇ. ಬೆಳಗಿನ ಬಸ್ಸಿನಲ್ಲಿ ಬಂದಿಳಿದ ಅಣ್ಣ ಈಗ ಹಿಂದಿನ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ. ಅಳು ಮುಗಿಸಿ ಮುಖ ತೊಳೆದುಕೊಂಡು ಬಂದಿದ್ದ. ಕಿವಿಯ ಹಿಂದೆ ಸೋಪಿನ ನೊರೆ ಒಣಗಿತ್ತು.

"ಅಪ್ಪನಿಗೆ ಹಾಕಬೇಕಾದ ಆ ನೀಲಿ ಶರ್ಟು ಅದರಲ್ಲೇ ಇರುತ್ತೆ ಕಣೇ," ಎಂದ. "ಬೀರುನಲ್ಲಿಲ್ಲ, ಮೊಳೆಗೆ ನೇತುಹಾಕಿಲ್ಲ. ಇನ್ನೆಲ್ಲಿರುತ್ತೆ? ಅಪ್ಪನ ವಿಷಯ ನಿನಗೆ ಹೇಳಬೇಕಾ. ಒಂದು ಗುಂಡುಸೂಜಿ ಕೇಳಿದ್ರೂ ಕಣ್ಣು ಮುಚ್ಚಿ ತೆಗೆದುಕೊಡ್ತಿದ್ದ. ಅಷ್ಟು ಅಚ್ಚುಕಟ್ಟು."

ಮಗಳಿಗೆ ಕತ್ತು ಹಿಡಿದುಕೊಂಡಿತ್ತು. ಅಣ್ಣನ ಕಡೆ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು.

ಅಣ್ಣ ಹೇಳುತ್ತಿದ್ದುದು ಹಳೆಯ ಅಪ್ಪನ ಮಾತು. ಈಚಿನ ಅಪ್ಪನನ್ನು ಅವನು ನೋಡಿದ್ದು ಫೋನಿನಲ್ಲಿ. ಫೋನಿನಲ್ಲಿ ಅಪ್ಪ "ಚೆನ್ನಾಗಿದ್ದೀನಪ್ಪ, ನೀವೆಲ್ಲಾ?" ಎಂದು ಕೇಳಿ ಫೋನು ಇಡುತ್ತಿದ್ದ. ಇಟ್ಟ ಮೇಲೆ "ಯಾರದು?" ಎಂದು ಕೇಳುತ್ತಿದ್ದ. ಸೋಪನ್ನು ಹಿಟ್ಟಿನ ಡಬ್ಬಿಗೆ ಹಾಕಿದ ಅಪ್ಪ, ಕನ್ನಡಕವನ್ನು ಬೂಟಿನೊಳಗೆ ಬಚ್ಚಿಟ್ಟು ಊರೆಲ್ಲ ಹುಡುಕಿಸಿದ ಅಪ್ಪ ಅಣ್ಣನಿಗೆ ಗೊತ್ತಿರಲಿಲ್ಲ. ಮನೆಯ ವಸ್ತುಗಳು ಒಂದೊಂದಾಗಿ ಮಾಯವಾಗಿದ್ದವು. ಅವಳ ದಿಂಬೂ ಹೋಗಿತ್ತು. ಎಷ್ಟೋ ದಿನಗಳಿಂದ ಅವಳು ಟವಲು ಮಡಚಿ ತಲೆಗಿಟ್ಟುಕೊಂಡು ಮಲಗುತ್ತಿದ್ದಳು. ಹೊಸ ದಿಂಬು ತರೋಣವೆಂದು ಔಷಧಿ ಅಂಗಡಿಯ ಕೆಲಸ ಮುಗಿಸಿ ಹೊರಟ ದಿನವೆಲ್ಲ ಮನೆಯಲ್ಲಿ ಏನಾಗಿದೆಯೋ ಎಂಬ ದಿಗಿಲಿನಲ್ಲಿ ನೇರ ಮನೆಗೇ ಬರುತ್ತಿದ್ದಳು.

ಆ ದಿನಗಳಲ್ಲೆಲ್ಲ ಅಪ್ಪ ಮಾಡಿದ ಒಂದೇ ಕೆಲಸವೆಂದರೆ ಈ ಟ್ರಂಕು. ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಒಳಗೆ ಏನಿದೆಯೆಂದು ಅವಳು ನೋಡಿರಲಿಲ್ಲ. ನೋಡಲು ಧೈರ್ಯವೂ ಇರಲಿಲ್ಲ. ಚಮಚ, ಹರಿದ ಪೇಪರು, ಒಂಟಿ ಕಾಲುಚೀಲ, ಯಾರಿಗೆ ಗೊತ್ತು. ಮುಚ್ಚಳ ಮುಚ್ಚಿರುವಷ್ಟು ಹೊತ್ತು ಅಪ್ಪ ಅಣ್ಣ ಹೇಳಿದ ಅಪ್ಪನೇ. ಬಂದವರೆಲ್ಲರ ಎದುರು, ಇವತ್ತೇ, ಅದು ತೆರೆದುಕೊಳ್ಳುವುದು ಬೇಡವಾಗಿತ್ತು ಅವಳಿಗೆ.

ಹೊಲಿಗೆಯಾಕೆಗೆ ಇದೆಲ್ಲ ಗೊತ್ತಿತ್ತು. ಮಗಳು ಅಂಗಡಿಗೆ ಹೋದ ಹೊತ್ತಿನಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಕತ್ತರಿಯನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು.

"ಇದರ ಮೊನೆನೇ ಹೋಗಿದೆ, ತಾಯಿ. ಬಟ್ಟೆನೇ ಕಚ್ಚಲ್ಲ, ಹಗ್ಗ ಎಲ್ಲಿ ಕತ್ತರಿಸುತ್ತೆ."

ಅಣ್ಣ ತನ್ನ ಚೀಲದಿಂದ ಮಡಿಕೆ ಬಿಚ್ಚದ ಬಿಳಿ ಶರ್ಟೊಂದನ್ನು ತಂದ. "ನನ್ನದೇ ಹಾಕೋಣ. ದೊಡ್ಡದಾಗುತ್ತೆ, ಏನ್ ಮಾಡೋದು."

ದೊಡ್ಡದಾಯಿತು. ಹೊಲಿಗೆಯಾಕೆ ಮಂಚದ ಪಕ್ಕ ಕೂತು ಬೆನ್ನ ಹಿಂದಿನ ಬಟ್ಟೆಯನ್ನು ನಿರಿಗೆ ಹಿಡಿದು, ಸಣ್ಣ ಸಣ್ಣ ಹೊಲಿಗೆ ಹಾಕಿ ಭುಜ ಸರಿಯಾಗಿ ಕೂರುವಂತೆ ಮಾಡಿದಳು.

"ಬೆನ್ನ ಹಿಂದೆ ಯಾರಿಗೆ ಕಾಣುತ್ತೆ?" ಎಂದ ಅಣ್ಣ.

"ಅವರಿಗೆ ಗೊತ್ತಾಗುತ್ತಲ್ಲ," ಎಂದು ಆಕೆ ಅದೇ ಕತ್ತರಿ ತೆಗೆದು ದಾರವನ್ನು ಕಚಕ್ಕನೆ ಕತ್ತರಿಸಿದಳು. ಅತ್ತಿಗೆ ಕತ್ತರಿಯನ್ನು ನೋಡಿದಳು, ಮಗಳನ್ನು ನೋಡಿದಳು, ಕಾಫಿ ಕಪ್ಪುಗಳನ್ನು ತೊಳೆಯಲು ಒಳಗೆ ಹೋದಳು.

*

ಅಪ್ಪನ ಕೆಲಸ ಒಂದು ಮನೆಯನ್ನು ಬಿಚ್ಚಿ ಲಾರಿಗೆ ತುಂಬುವುದು, ಇನ್ನೊಂದು ಮನೆಯಲ್ಲಿ ಇಳಿಸಿ ಕೊಡುವುದು. ಮನೆ ಬದಲಿಸುವವರ ಸಾಮಾನು ಸಾಗಿಸುವ ಕಂಪನಿಯಲ್ಲಿ ಲೋಡಿನ ಉಸ್ತುವಾರಿ ಅವನದು. ಹಮಾಲರು ಅವನನ್ನು ಯಜಮಾನ್ರೇ ಎನ್ನುತ್ತಿದ್ದರು. ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ರಜೆಯ ದಿನ ಮಕ್ಕಳಿಬ್ಬರೂ ಲಾರಿಯಲ್ಲೇ. ಅಣ್ಣನಿಗೆ ಮುಂದೆ ಡ್ರೈವರ್ ಪಕ್ಕದ ಸೀಟು, ಅವಳಿಗೆ ಹಿಂದೆ ಅಪ್ಪನ ಪಕ್ಕ.

ಒಂದು ಸಲ ಸಾಮಾನು ತುಂಬಿ ಮುಗಿದಾಗ ಆ ಮನೆಯ ಒಡತಿ ಲಾರಿಯನ್ನು ನೋಡಿ, "ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ," ಎಂದಿದ್ದಳು. ಆಕೆ ಅತ್ತ ಹೋದ ಮೇಲೆ ಮಗಳು ಕೇಳಿದಳು.

"ಅಪ್ಪಾ, ಅಚ್ಚುಕಟ್ಟು ಅಂದ್ರೇನು?"

ಅಪ್ಪ ಲೋಡಿಗೆ ಭುಜ ಕೊಟ್ಟು ಜೋರಾಗಿ ಅಲುಗಿಸಿದ. "ಏನಾದ್ರೂ ಅಲುಗಾಡ್ತಾ?"

"ಇಲ್ಲ."

"ಅದೇ ಅಚ್ಚುಕಟ್ಟು."

"ಮತ್ತೆ ನಮ್ಮ ಟೀಚರು ಓರಣ ಓರಣ ಅಂತಾರಲ್ಲ?"

"ಕಣ್ಣಿಗೆ ಸಾಲಾಗಿ ಕಂಡ್ರೆ ಓರಣ. ಅಂಗಡಿಯವರಿಗೆ ಬೇಕು ಅದು. ಲಾರಿಗೆ ಅಷ್ಟಾಗಿ ಬೇಡ."

"ಕ್ರಮ?"

"ಯಾವುದು ಮುಂಚೆ, ಯಾವುದು ಆಮೇಲೆ. ಕೊನೆಗೆ ಹತ್ತಿಸಿದ್ದೇ ಮೊದಲು ಇಳಿಯೋದು. ಅಷ್ಟು ಗೊತ್ತಿದ್ರೆ ಸಾಕು."

ಮಗಳಿಗೆ ಆಟ ಹತ್ತಿತ್ತು. ಇನ್ನೊಂದು ಮಾತು ಹುಡುಕಿದಳು. "ಒಪ್ಪ ಮಾಡು ಅಂತೀಯಲ್ಲ ನೀನು, ಅದು?"

ಅಪ್ಪ ಹಗ್ಗವನ್ನು ಕೊಕ್ಕೆಗೆ ಸುತ್ತಿ ಗಂಟು ಹಾಕಿದ. ಅವನ ಗಂಟಿಗೆ ಎರಡು ತುದಿ. ಉದ್ದದ್ದನ್ನು ಎಳೆದರೆ ಬಿಗಿ, ಚಿಕ್ಕದನ್ನು ಎಳೆದರೆ ಸಡಿಲ.

"ಒಪ್ಪ ಅಂದ್ರೆ, ತೆಗೆಯೋರು ಯಾರು ಅಂತ ನೆನಪಿಟ್ಟುಕೊಂಡು ಕಟ್ಟೋದು," ಎಂದ. "ಸುಸ್ತಾಗಿ ಹೊಸ ಮನೆಗೆ ಹೋಗಿ ನಿಂತಿರ್ತಾರೆ. ಆವಾಗ ಅವರ ಕೈಗೆ ಮೊದಲು ಬೀರು ಕೊಟ್ಟರೆ ಏನ್ ಮಾಡ್ಕೋತಾರೆ?"

ಅದಕ್ಕೇ ಅವನು ಪ್ರತಿ ಮನೆಯಲ್ಲೂ, ಮೊದಲ ಪೆಟ್ಟಿಗೆ ಕಟ್ಟುವ ಮುಂಚೆ, ಒಂದು ಪ್ರಶ್ನೆ ಕೇಳುತ್ತಿದ್ದ. ಹೊಸ ಮನೆಗೆ ಹೋದ ತಕ್ಷಣ ನಿಮಗೆ ಮೊದಲು ಏನು ಬೇಕಾಗುತ್ತೆ? ಒಬ್ಬಳು ತೊಟ್ಟಿಲು ಎಂದಿದ್ದಳು. ಒಬ್ಬ ಮುದುಕರು ತಮ್ಮ ಕುರ್ಚಿ ಎಂದಿದ್ದರು. ನಕ್ಕುಬಿಟ್ಟವರೂ ಇದ್ದರು. ನಕ್ಕವರಿಗೆ ಅವನೇ ಊಹೆ ಮಾಡಿ ಚಹಾ ಪಾತ್ರೆ ಮೇಲಿಡುತ್ತಿದ್ದ.

ಎಲ್ಲ ತುಂಬಿದ ಮೇಲೆ ಲಾರಿಯ ತುದಿಯಲ್ಲಿ ಒಂದಿಷ್ಟು ಜಾಗ ಉಳಿಯುತ್ತಿತ್ತು. ಉಳಿಯುತ್ತಿರಲಿಲ್ಲ, ಅಪ್ಪ ಉಳಿಸುತ್ತಿದ್ದ. ಸಾಮಾನಿಗೆ ಏಟು ಬೀಳದಂತೆ ಹೊದಿಸುವ ಬೂದು ಕಂಬಳಿಗಳಲ್ಲಿ ಮೆತ್ತನೆಯದೊಂದನ್ನು, ಅಂಚಿಗೆ ಕೆಂಪು ದಾರ ಹಾಕಿ ಬೇರೆ ಗುರುತು ಮಾಡಿದ್ದನ್ನು, ಅಲ್ಲಿ ಹಾಸುತ್ತಿದ್ದ. ಒಳಗೆ ಜಾರಿಕೊಳ್ಳಲು ದಾರಿ ಬಿಟ್ಟು ಒಂದು ಮೂಲೆಯನ್ನು ಹಿಂದಕ್ಕೆ ಮಡಚುತ್ತಿದ್ದ.

"ಕೊನೆಗೆ ಹತ್ತಿಸೋದು ನಿನ್ನನ್ನ," ಎನ್ನುತ್ತಿದ್ದ. "ಮೊದಲು ಇಳಿಸೋದೂ ನಿನ್ನನ್ನ."

ಎಷ್ಟೋ ಸಲ ನಿದ್ದೆಯಲ್ಲಿ ಅವಳಿಗೆ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಬಂದವರ ಚಪ್ಪಲಿಗಳನ್ನು ಯಾರೋ ಬಾಗಿಲ ಬದಿಗೆ ಜೋಡಿ ಜೋಡಿಯಾಗಿ, ಹೋಗುವಾಗ ಕಾಲಿಗೆ ಸಲೀಸಾಗಿ ಸಿಗುವಂತೆ, ಮುಖ ಹೊರಗೆ ಮಾಡಿ ಇಟ್ಟಿದ್ದರು. ಮಗಳು ಅದನ್ನು ಗಮನಿಸಿದಳು. ಯಾರು ಇಟ್ಟರೆಂದು ಕೇಳುವ ತ್ರಾಣ ಇರಲಿಲ್ಲ.

ಕೆಳಗಿನ ಬೀದಿಯ ನಿವೃತ್ತ ಮೇಷ್ಟ್ರು ಕೋಲು ಊರಿಕೊಂಡು ಬಂದು ಅಪ್ಪನ ಕಾಲ ಬಳಿ ಕೂತರು. "ನನ್ನ ಪುಸ್ತಕಗಳನ್ನ ಸಾಗಿಸಿದೋರು ಇವರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಹಳೇ ಮನೆಯಲ್ಲಿ ಹೇಗೆ ಬಿದ್ದಿದ್ವೋ, ಹೊಸ ಮನೆಯಲ್ಲಿ ಹಾಗೆ ಇರಲಿಲ್ಲ. ಸಾಲು ಹಿಡಿದು ನಿಂತಿದ್ವು. ನಮ್ಮನೆಯವಳು, ಸದ್ಯ ಈಗಲಾದ್ರೂ ಸರಿಹೋಯ್ತಲ್ಲ ಅಂದ್ಲು. ಅಲ್ಲಿವರೆಗೆ ಜೋಡಿಸ್ತಿದ್ದೋನು ನಾನು."

ಒಂದಿಬ್ಬರು ಮೆಲ್ಲಗೆ ನಕ್ಕರು.

"ಬಹಳ ವ್ಯವಸ್ಥಿತ ಮನುಷ್ಯ," ಎಂದರು ಮೇಷ್ಟ್ರು.

"ಶಿಸ್ತು, ಸಾರ್," ಎಂದ ಅಣ್ಣ. "ನಮ್ಮಪ್ಪನ ಶಿಸ್ತು ನಮಗ್ಯಾರಿಗೂ ಬರಲಿಲ್ಲ."

"ಶಿಸ್ತಂತೆ," ಎಂದು ಬಾಗಿಲ ಕಡೆಯಿಂದ ಒಂದು ದನಿ ಬಂತು. "ಶಿಸ್ತು ಅಂದ್ರೆ ಸೀಟಿ ಊದಬೇಕು. ಅವನು ಯಾವತ್ತಾದ್ರೂ ಸೀಟಿ ಊದಿದ್ನಾ?"

ಮೀಸೆ ಡ್ರೈವರ್ ಬಂದಿದ್ದ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಉಳಿದಿತ್ತು. ಅಪ್ಪನ ಲಾರಿಯನ್ನು ಓಡಿಸಿದವನು ಅವನು. ಅಪ್ಪ ಕೆಲಸ ಬಿಟ್ಟ ಮೇಲೂ ಭಾನುವಾರ ಬಂದು, ಅಪ್ಪನ ಮುಂದೆ ಕೂತು, ಚಹಾ ಕುಡಿದು ಹೋಗುತ್ತಿದ್ದ. ನೆಟ್ಟಗೆ ಮಂಚದ ಬಳಿ ಹೋಗಿ ಅಪ್ಪನ ಕಾಲಿನ ಹೆಬ್ಬೆರಳನ್ನು ಹಿಡಿದು ಒಂದು ಸಲ ಅಲ್ಲಾಡಿಸಿದ. ಮಲಗಿದ್ದವನನ್ನು ಕೆಲಸಕ್ಕೆ ಎಬ್ಬಿಸುವಾಗ ಹಾಗೆ ಮಾಡುತ್ತಿದ್ದನೋ ಏನೋ.

"ಇವನದು ಶಿಸ್ತಲ್ಲಪ್ಪ," ಎಂದ. "ಒಪ್ಪ. ಬೇರೆ ಜಾತಿ ಅದು."

ಮೇಷ್ಟ್ರು ತಲೆಯಾಡಿಸಿ ಮಗಳ ಕಡೆ ತಿರುಗಿದರು. "ಕೊನೇವರೆಗೂ ಹಾಗೇ ಇದ್ರಾ, ಅಮ್ಮ?"

ಕೋಣೆಯಲ್ಲಿದ್ದವರೆಲ್ಲ ಅವಳತ್ತ ನೋಡಿದರು. ಹೊಲಿಗೆಯಾಕೆ ಮಾತ್ರ ತನ್ನ ಕೈಯ ಕಪ್ಪನ್ನು ನೋಡುತ್ತಾ ಕೂತಳು.

"ಹೂಂ," ಎಂದಳು ಮಗಳು. "ಕೊನೇವರೆಗೂ."

ಹೇಳಿದ ಮೇಲೆ ಕತ್ತಿನ ನೋವು ಭುಜಕ್ಕೂ ಇಳಿಯಿತು. ಒರಗಲು ಒಂದು ಗೋಡೆ ಸಿಕ್ಕಿದರೆ ಸಾಕೆನಿಸಿ ಹಿಂದಿನ ಕೋಣೆಗೆ ಹೋಗಿ ಟ್ರಂಕಿನ ಪಕ್ಕ ಕೂತಳು.

*

ಮೊದಲ ಸಲ ಅಪ್ಪ ಅವಳನ್ನು ಮೇಡಮ್ ಎಂದು ಕರೆದಾಗ ತಮಾಷೆಗೆ ಕರೆದನೆಂದುಕೊಂಡಿದ್ದಳು. ಅಂಗಡಿಯಿಂದ ಬಂದು ಚೀಲ ಕೆಳಗಿಡುತ್ತಿದ್ದಳು. ಅಪ್ಪ ಎದ್ದು ನಿಂತು, ಅಂಗಿಯ ತೋಳು ಇಳಿಸಿಕೊಂಡು, "ಬನ್ನಿ ಮೇಡಮ್. ಬೆಳಗ್ಗಿಂದ ಕಾಯ್ತಿದ್ದೀನಿ. ಮನೆ ಪೂರ್ತಿ ನೋಡಿಕೊಂಡೆ," ಎಂದ.

"ಅಪ್ಪಾ, ನಾನು."

"ಹೌದು ಮೇಡಮ್." ಅವನ ಮುಖದಲ್ಲಿ ಯಾವ ತಮಾಷೆಯೂ ಇರಲಿಲ್ಲ. "ಒಂದು ವಿಷಯ ಹೇಳಿಬಿಡಿ. ಹೊಸ ಮನೆಗೆ ಹೋದ ತಕ್ಷಣ ನಿಮಗೆ ಮೊದಲು ಏನು ಬೇಕಾಗುತ್ತೆ?"

ಆಮೇಲೆ ಅದು ದಿನವೂ ನಡೆಯತೊಡಗಿತು. ಒಂದು ದಿನ ಅವಳು, "ನಾನು ನಿನ್ನ ಮಗಳು, ಅಪ್ಪ," ಎಂದು ಹೇಳಿ ನೋಡಿದಳು. ಅವನು ಗಿರಾಕಿಗಳ ಮನೆ ಸಮಾಚಾರ ಕೇಳುವ ಮರ್ಯಾದೆಯಲ್ಲಿ ಕೇಳಿಸಿಕೊಂಡು, "ನನಗೂ ಒಬ್ಬಳು ಮಗಳಿದ್ದಾಳೆ ಮೇಡಮ್. ಹಿಂದೆ ಲಾರಿಯಲ್ಲಿ ಮಲಗಿದ್ದಾಳೆ, ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದ. ಆ ರಾತ್ರಿ ಅವಳಿಗೆ ಲಾರಿಯಲ್ಲಿ ಮಲಗಿರುವ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಬರುಬರುತ್ತಾ ಸುಮ್ಮನೆ ಉತ್ತರ ಕೊಡುವುದೇ ಸುಲಭವೆನಿಸಿತು. ಒಂದು ದಿನ ಪಾತ್ರೆ ಎಂದಳು. ಒಂದು ದಿನ ದೀಪ ಎಂದಳು. ಅವನು ಪ್ರತಿ ಸಲವೂ ಗಂಭೀರವಾಗಿ ತಲೆಯಾಡಿಸಿ ಹಿಂದಿನ ಕೋಣೆಗೆ ಹೋಗಿ ಟ್ರಂಕು ಖಾಲಿ ಮಾಡಿ ಮೊದಲಿಂದ ತುಂಬುತ್ತಿದ್ದ. ಅವಳು ಅಡುಗೆ ಮಾಡುತ್ತಾ ಆ ಸದ್ದು ಕೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಅಂಗಡಿಗೆ ಹೊಸ ಸಾಮಾನು ಬಂದಿತ್ತು, ನಿಂತು ನಿಂತು ಕಾಲು ಊದಿತ್ತು. ಬಾಗಿಲು ತೆರೆಯುವ ಮೊದಲೇ ಪ್ರಶ್ನೆ ಕಾದಿತ್ತು.

"ಮೇಡಮ್, ಹೊಸ ಮನೆಗೆ ಹೋದ ತಕ್ಷಣ..."

"ಏನೂ ಬೇಡ," ಎಂದಳು. ದನಿ ಏರಿತ್ತು. "ಪಾತ್ರೆ ಬೇಡ, ದೀಪ ಬೇಡ. ಒಂದು ಗಳಿಗೆ ಮಲಗಿದ್ರೆ ಸಾಕು ನನಗೆ. ಗೊತ್ತಾಯ್ತಾ?"

ಅಪ್ಪ ಅವಳ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ, "ಆಯ್ತು, ಮೇಡಮ್," ಎಂದು ಮೆಲ್ಲಗೆ ಹೇಳಿ ಒಳಗೆ ಹೋದ. ಆಮೇಲೆ ಆ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ. ಅವಳು ಅದನ್ನು ಪುಣ್ಯವೆಂದುಕೊಂಡಳು. ಈಗ, ಗೋಡೆಗೆ ಒರಗಿ ಕೂತು, ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು.

*

ಶವ ಸಾಗಿಸುವ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತ್ತು. ಇನ್ನೊಂದು ಬರಲು ಸಂಜೆಯಾಗುತ್ತದೆ ಎಂದು ಫೋನು ಬಂತು. ಅಣ್ಣ ಫೋನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತ. "ಅಪ್ಪನ ಕೆಲಸದಲ್ಲಿ ಯಾವತ್ತಾದ್ರೂ ಹೀಗಾಗಿತ್ತಾ," ಎಂದ. "ಇವತ್ತೇ ಆಗಬೇಕಾ."

"ಲಾರಿ ತರ್ತೀನಿ," ಎಂದ ಮೀಸೆ.

"ಲಾರಿಯಲ್ಲಾ?"

"ಮತ್ತೆ? ಅವನು ಜೀವನದಲ್ಲಿ ಬೇರೆ ಯಾವ ಗಾಡಿ ಹತ್ತಿದ್ದ ಹೇಳು."

ಕಂಪನಿಯ ಲಾರಿ ಬಂತು. ಹಿಂದೆ ಅಪ್ಪನ ಕೈಯಲ್ಲಿ ಕೆಲಸ ಕಲಿತ ಹಮಾಲರಿದ್ದರು. ಯಾರೂ ಕರೆಯದೆ, ಇವತ್ತಿನ ಕೆಲಸ ಬಿಟ್ಟು ಬಂದವರು. ಅಪ್ಪನನ್ನು ಮಲಗಿಸಿದ ಮರದ ಪೆಟ್ಟಿಗೆಯನ್ನು ಬಾಗಿಲ ಚೌಕಟ್ಟಿಗೆ ತಾಗದಂತೆ, ಮೆಟ್ಟಿಲ ತಿರುವಿನಲ್ಲಿ ಒಂದಿಷ್ಟೂ ವಾಲದಂತೆ ಇಳಿಸಿದರು. ಒಬ್ಬನು ಹಿಂದಕ್ಕೆ ನಡೆಯುತ್ತಾ "ಎಡ, ಎಡ, ಸಾಕು," ಎನ್ನುತ್ತಿದ್ದ. ಅದು ಅಪ್ಪನದೇ ಧಾಟಿ.

ಪೆಟ್ಟಿಗೆಯನ್ನು ಲಾರಿಯ ಒಳತುದಿಗೆ, ಕ್ಯಾಬಿನ್ನಿನ ಗೋಡೆಗೆ ಒತ್ತಿ ಇಟ್ಟರು. ಎರಡೂ ಬದಿಗೆ ಕಂಬಳಿ ತುರುಕಿದರು. ಅದರ ಈಚೆಗೆ ಸ್ಮಶಾನದಲ್ಲಿ ವಯಸ್ಸಾದವರು ಕೂರಲು ಕುರ್ಚಿಗಳು, ಆಮೇಲೆ ನೀರಿನ ಡ್ರಮ್ಮು, ಆಮೇಲೆ ಹೂವಿನ ಬುಟ್ಟಿ. ಅಡ್ಡ ಹಗ್ಗ ಎಳೆದು ಗಂಟು ಹಾಕಿದರು. ಒಬ್ಬ ಭುಜ ಕೊಟ್ಟು ಅಲುಗಿಸಿ ನೋಡಿದ. ಏನೂ ಅಲುಗಲಿಲ್ಲ.

ಮೀಸೆ ಲಾರಿ ಸುತ್ತಿಕೊಂಡು ಹಿಂದೆ ಬಂದ. ಒಳಗೆ ನೋಡಿದ. ಸೊಂಟದ ಮೇಲೆ ಕೈ ಇಟ್ಟುಕೊಂಡ.

"ಅಲ್ರೋ, ಅಲ್ಲಿಗೆ ಹೋದ ಮೇಲೆ ಮೊದಲು ಏನ್ ಇಳಿಸ್ತೀರಿ?"

"ಹೂವು," ಎಂದ ಒಬ್ಬ.

"ಆಮೇಲೆ?"

"ಡ್ರಮ್ಮು. ಆಮೇಲೆ ಕುರ್ಚಿ. ಆಮೇಲೆ..." ಎಂದವನು ಬಾಯಿ ಮುಚ್ಚಿಕೊಂಡ.

"ಎಲ್ಲರನ್ನೂ ಕೂರಿಸಿ, ನೀರು ಕೊಟ್ಟು, ಆಮೇಲೆ ಅವನನ್ನ ಇಳಿಸ್ತೀರಾ?"

"ಭಾರದ್ದು ಮೊದಲು ಒಳಗೆ ಅಂತ ಯಜಮಾನ್ರೇ ಹೇಳಿಕೊಟ್ಟಿದ್ದು..."

"ಅದು ಬೀರುಗೆ ಹೇಳಿದ್ದು ಕಣೋ."

ಮೊದಲು ನಕ್ಕವನು ಅಣ್ಣ. ಅವನಿಗೆ ತಡೆಯಲಾಗಲಿಲ್ಲ. ಮೇಷ್ಟ್ರು ಕೋಲಿನ ಮೇಲೆ ಬಾಗಿ ನಕ್ಕರು, ಹಮಾಲರು ತಲೆ ತಗ್ಗಿಸಿಕೊಂಡು ನಕ್ಕರು. ಅಣ್ಣನ ನಗು ಎಲ್ಲೋ ನಡುವೆ ಅಳುವಾಯಿತು. ಅತ್ತಿಗೆ ಅವನ ಬೆನ್ನ ಮೇಲೆ ಕೈ ಇಟ್ಟು ನಿಂತಳು.

"ಅಪ್ಪ ನೋಡಿದ್ರೆ ಬೈತಿದ್ದ," ಎಂದ ಅವನು ಮೂಗು ಒರೆಸಿಕೊಳ್ಳುತ್ತಾ.

"ಬೈತಿರಲಿಲ್ಲ," ಎಂದಳು ಮಗಳು. "ಇಳಿಸಿ ಮತ್ತೆ ಹತ್ತಿಸ್ತಿದ್ದ."

ಇಳಿಸಿದರು. ಹೂವು, ಡ್ರಮ್ಮು, ಕುರ್ಚಿ, ಕೊನೆಗೆ ಅಪ್ಪ. ಮತ್ತೆ ಹತ್ತಿಸಿದರು. ಯಾರೂ ಗೊಣಗಲಿಲ್ಲ. ಈ ಸಲ ಎಲ್ಲಕ್ಕಿಂತ ಕೊನೆಗೆ ಹತ್ತಿದವನು ಅಪ್ಪ. ಲಾರಿಯ ತುದಿಯಲ್ಲಿ, ಬೀದಿ ಹಿಂದೆ ಸರಿಯುವುದು ಕಾಣುವ ಜಾಗದಲ್ಲಿ, ಅವಳು ಮಲಗುತ್ತಿದ್ದ ಜಾಗದಲ್ಲಿ.

*

ಎಲ್ಲ ಮುಗಿಸಿ ಬರುವಾಗ ಅವಳು ಮುಂದೆ ಮೀಸೆಯ ಪಕ್ಕ ಕೂತಿದ್ದಳು. ಅಣ್ಣ, ಅತ್ತಿಗೆ ಹಿಂದೆ ಕುರ್ಚಿಗಳ ಜೊತೆಯಲ್ಲಿದ್ದರು. ಲಾರಿ ಖಾಲಿಯಾದ್ದರಿಂದ ಹೆಚ್ಚು ಕುಲುಕುತ್ತಿತ್ತು. ಪ್ರತಿ ಕುಲುಕಿಗೂ ಕತ್ತು ನೋಯುತ್ತಿತ್ತು. ಮೀಸೆ ಅದನ್ನು ಕಂಡನೆಂದು ತೋರುತ್ತದೆ, ಹಳ್ಳಗಳನ್ನು ತಪ್ಪಿಸಿ ನಿಧಾನಕ್ಕೆ ಓಡಿಸತೊಡಗಿದ.

"ಚಿಕ್ಕಪ್ಪ, ಭಾನುವಾರ ಬಂದಾಗ ಅಪ್ಪ ನಿಮ್ಮನ್ನ ಗುರುತು ಹಿಡೀತಿದ್ನಾ?"

"ಒಂದೊಂದು ಸಲ. ಮೀಸೆ ಎಲ್ಲಿ ಹೋಯ್ತು ಅಂತ ಕೇಳ್ತಿದ್ದ. ಹೋಗಿ ಎಷ್ಟೋ ಕಾಲವಾಯ್ತಲ್ಲೋ ಅಂದ್ರೆ, ಯಾವ ಮನೆಗೆ ಅಂತಿದ್ದ."

ಅವಳಿಗೆ ನಗು ಬಂತು. ನಗುವಾಗಲೂ ಕತ್ತು ನೋಯಿತು.

"ನನ್ನನ್ನ ಮೇಡಮ್ ಅಂತಿದ್ದ," ಎಂದಳು. ಯಾರಿಗೂ ಹೇಳದಿದ್ದ ಮಾತು. "ಕೊನೆಕೊನೆಗೆ ನಾನು ಅವನಿಗೆ ಬರೀ ಗಿರಾಕಿ."

ಮೀಸೆ ಗೇರು ಬದಲಿಸಿದ. ಲಾರಿ ತಿರುವು ದಾಟಿತು.

"ಆ ಟ್ರಂಕಿಗೆ ಹಗ್ಗ ಹಾಕಿದ್ದು ಯಾರು? ಹೋದ ವಾರ ನಾನು ಬಂದಾಗ ಹಗ್ಗ ಇರಲಿಲ್ಲ."

"ಅಪ್ಪನೇ. ಮೊನ್ನೆ ಹಾಕಿದ."

"ಹಾಗಾದ್ರೆ ಲೋಡು ಮುಗಿದಿತ್ತು ಅಂತ," ಎಂದ ಮೀಸೆ. "ಮುಗಿಯದೆ ಅವನು ಹಗ್ಗಕ್ಕೆ ಕೈ ಹಾಕಿದ್ದನ್ನ ನಾನು ನೋಡಿಲ್ಲ."

ಲಾರಿ ಮನೆಯ ಮುಂದೆ ನಿಂತಿತು.

ಮನೆಯಲ್ಲಿ ದೀಪ ಹಾಕುವ ಹೊತ್ತಾಗಿತ್ತು. ಹೊಲಿಗೆಯಾಕೆ ನೆಲ ಒರೆಸಿ, ಮಂಚವನ್ನು ಮೊದಲಿನ ಜಾಗಕ್ಕೆ ಸರಿಸಿ, ಒಲೆಯ ಮೇಲೆ ಬಿಸಿನೀರಿಟ್ಟು, ಹೇಳದೆ ಹೋಗಿಬಿಟ್ಟಿದ್ದಳು. ಅಣ್ಣ ಕುರ್ಚಿಯಲ್ಲಿ ಕೂತವನು ಕೂತಂತೆಯೇ ತೂಕಡಿಸಿದ. ಅತ್ತಿಗೆ ಮಗಳ ಕೈಯಿಂದ ಲೋಟ ಕಸಿದುಕೊಂಡಳು.

"ನೀನು ಹೋಗು. ನಾನು ನೋಡ್ಕೋತೀನಿ."

"ಡಬ್ಬಿಗಳು ಎಲ್ಲಿವೆ ಅಂತ ನಿಮಗೆ ಗೊತ್ತಾಗಲ್ಲ ಅತ್ತಿಗೆ. ಹಿಟ್ಟಿನ ಡಬ್ಬೀಲಿ ಒಂದೊಂದು ಸಲ..."

"ಸೋಪು ಸಿಕ್ತು," ಎಂದಳು ಅತ್ತಿಗೆ. ದನಿಯಲ್ಲಿ ಏನೂ ಇರಲಿಲ್ಲ. "ಬೆಳಿಗ್ಗೆನೇ ಸಿಕ್ತು. ತೆಗೆದಿಟ್ಟಿದ್ದೀನಿ. ನಿಮ್ಮಣ್ಣನಿಗೆ ಹೇಳಿಲ್ಲ. ಹೋಗು."

ಮಗಳು ಹಿಂದಿನ ಕೋಣೆಗೆ ಹೋದಳು. ದೀಪ ಹಾಕಲಿಲ್ಲ. ಅಡುಗೆಮನೆಯ ಬೆಳಕು ಬಾಗಿಲ ಮೂಲಕ ಟ್ರಂಕಿನವರೆಗೆ ಬರುತ್ತಿತ್ತು.

ಅದರ ಮುಂದೆ ಕೂತಳು. ಹಗ್ಗದ ಉದ್ದನೆಯ ತುದಿ, ಬೆಳಿಗ್ಗೆ ಅತ್ತಿಗೆ ಎಳೆದದ್ದು, ನೆಲದ ಮೇಲೆ ಬಿದ್ದಿತ್ತು. ಚಿಕ್ಕದು ಗಂಟಿನ ಅಡಿಯಲ್ಲಿ ಸೇರಿಕೊಂಡಿತ್ತು. ಬೆರಳಲ್ಲಿ ತಡವಿ ಹುಡುಕಿದಳು. ಒಳಗೆ ಏನಿದ್ದರೂ ಇರಲಿ, ಈಗ ನೋಡುವವರು ಯಾರೂ ಇಲ್ಲ ಎಂದುಕೊಂಡಳು.

ಎಳೆದಳು. ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಮುಚ್ಚಳ ಎತ್ತಿದಾಗ ಎಲ್ಲಕ್ಕಿಂತ ಮೇಲೆ ಅವಳ ದಿಂಬಿತ್ತು. ಒಗೆದ ಚೀಲ ಹಾಕಿ, ನಾಲ್ಕೂ ಮೂಲೆ ಒಳಕ್ಕೆ ತಳ್ಳಿ ಕೂರಿಸಿತ್ತು. ದಿಂಬನ್ನು ಸುತ್ತಿ ಬೂದು ಬಣ್ಣದ ಕಂಬಳಿಯೊಂದಿತ್ತು. ಅದನ್ನು ಎಲ್ಲಿಟ್ಟಿದ್ದನೋ, ಇಷ್ಟು ಕಾಲ ಹೇಗೆ ಉಳಿಸಿದ್ದನೋ. ಸವೆದು ತೆಳ್ಳಗಾಗಿತ್ತು. ಬೆರಳಿಟ್ಟು ಅಂಚಿನಗುಂಟ ಸರಿಸುತ್ತಾ ಹೋದಳು. ಕೆಂಪು ದಾರ ಕೈಗೆ ಸಿಕ್ಕಿತು. ಕಂಬಳಿಯ ಒಂದು ಮೂಲೆ ಹಿಂದಕ್ಕೆ ಮಡಚಿತ್ತು.

ಕೆಳಗೆ ಏನಿದೆಯೆಂದು ಅವಳು ನೋಡಲಿಲ್ಲ. ದಿಂಬನ್ನು ತೆಗೆದು ಅಲ್ಲೇ ನೆಲದ ಮೇಲಿಟ್ಟು, ಮಡಚಿದ ಮೂಲೆಯನ್ನು ಹಿಡಿದು ಕಂಬಳಿಯನ್ನು ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಅಣ್ಣ ಎದ್ದು ಬಂದು ಬಾಗಿಲಲ್ಲಿ ನಿಂತು, "ಶರ್ಟು ಸಿಕ್ತಾ?" ಎಂದು ಕೇಳಿದ.

ಅವನ ಹಿಂದಿನಿಂದ ಬಂದ ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಬಂದು, ನೆಲದ ಮೇಲೆ ಹರಡಿದ್ದ ಹಗ್ಗವನ್ನು ಎತ್ತಿಕೊಂಡು, ಅಂಗೈಯಿಂದ ಮೊಳಕೈಗೆ ಸುತ್ತು ಸುತ್ತಾಗಿ ಸುತ್ತಿದಳು. ಮಲಗಿದವಳಿಗೆ ತಾಗದಂತೆ ಅದನ್ನು ಟ್ರಂಕಿನ ಬದಿಗಿಟ್ಟು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.